ಹನ್ನೊಂದು ಸಾವಿರದ ಎಂಟುನೂರರ ಕಾರ್ಡು

ವಾರ್ಷಿಕ ಶುಲ್ಕ 10,000 ರೂಪಾಯಿ. ಅದರ ಮೇಲೆ ಶೇ 18ರಂತೆ ಜಿಎಸ್‌ಟಿ 1,800. ಒಟ್ಟು 11,800. ಪ್ರಯಾಣಕ್ಕೆಂದೇ ಇರುವ ಒಂದು ಪ್ರೀಮಿಯಂ ಕ್ರೆಡಿಟ್ ಕಾರ್ಡಿಗೆ ನಾನು ಇಷ್ಟು ಹಣ ಕಟ್ಟಿದೆ. ಮರುವರ್ಷ ಮತ್ತೆ ಅಷ್ಟೇ ಕಟ್ಟಿದೆ. ಕಾಲೇಜಿನಲ್ಲಿ ಹುಡುಗರಿಗೆ ಲಾಭ-ನಷ್ಟದ ಖಾತೆ ಕಲಿಸುವುದು ನನ್ನ ಕೆಲಸ. ಆದರೂ ಈ ಕಾರ್ಡಿನ ಖಾತೆಯನ್ನು ಕಾಗದದ ಮೇಲೆ ಬರೆದು ನೋಡುವ ಹೊತ್ತಿಗೆ ನಷ್ಟ ಆಗಿಹೋಗಿತ್ತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಂಥ ಊರುಗಳ ಪಗಾರದಾರರಿಗೂ ಈಗ ಇಂಥ ಕಾರ್ಡು ತೆಗೆದುಕೊಳ್ಳಿ ಎಂದು ಫೋನು ಬರುತ್ತಿದೆ. ಬರೆಯದೆ ಬಿಡುವುದು ಸರಿಯಲ್ಲ ಅನ್ನಿಸಿದ್ದರಿಂದ ಬರೆಯುತ್ತಿದ್ದೇನೆ.

ನಮ್ಮೂರು ಸಂಪಗಾಂವ. ಮುಂಬೈ ಪ್ರಾಂತದ ಕಾಲದಲ್ಲಿ ಇಡೀ ತಾಲ್ಲೂಕಿಗೆ ಈ ಊರಿನ ಹೆಸರೇ ಇತ್ತು. ಈಗ ಅದು ಬೈಲಹೊಂಗಲ ತಾಲ್ಲೂಕಿನ ಒಂದು ಹಳ್ಳಿ. ಸುತ್ತಲೂ ಕಬ್ಬು, ಸೋಯಾಬೀನ್, ಹತ್ತಿ. ಹಿಂಗಾರಿಗೆ ಜೋಳ, ಕಡಲೆ. ನನ್ನದು ಬೈಲಹೊಂಗಲದಲ್ಲಿ ನೌಕರಿ, ಊರಲ್ಲಿ ಒಂದಿಷ್ಟು ಕಬ್ಬಿನ ಹೊಲ. ನಮ್ಮ ಮನೆಯವರ ತಿರುಗಾಟ ಎಲ್ಲಿಗೆ ಎಂದರೆ ಬೈಲಹೊಂಗಲದ ಪೇಟೆಗೆ, ಬೆಳಗಾವಿಯ ದವಾಖಾನೆಗೆ, ಧಾರವಾಡದ ಬೀಗರ ಮನೆಗೆ, ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ, ರಾಮದುರ್ಗದ ಕಡೆಯ ಗೊಡಚಿ ವೀರಭದ್ರನ ಜಾತ್ರೆಗೆ. ಬೆಂಗಳೂರಿಗೆ ಹೋಗುವುದಿದ್ದರೆ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲಂತೂ ನನ್ನ ಹೆಂಡತಿ, ಅವ್ವ, ಮಗಳು ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ರೊಕ್ಕ ಕೊಟ್ಟು ಹೋಗುವುದೇ ನಿಂತಿತು. ವಿಮಾನವೆಂದರೆ ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಸಲ. ಪ್ರಯಾಣದ ಕಾರ್ಡು ತೆಗೆದುಕೊಳ್ಳುವ ಮನುಷ್ಯ ಮೊದಲು ಬರೆದಿಟ್ಟುಕೊಳ್ಳಬೇಕಾದ ಪಟ್ಟಿ ಇದು. ಬರೆಯುವುದಕ್ಕೆ ನನಗೆ ಹತ್ತು ನಿಮಿಷವೂ ಹಿಡಿಯುತ್ತಿರಲಿಲ್ಲ.

ಕಾರ್ಡು ಬಂದದ್ದು 2022ರಲ್ಲಿ. ಪಗಾರ ಜಮಾ ಆಗುವ ಬ್ಯಾಂಕಿನ ಕಡೆಯ ಹುಡುಗ ಸ್ಟಾಫ್ ರೂಮಿಗೆ ಬಂದಿದ್ದ. ಒಳ್ಳೆಯ ಹುಡುಗ, ಮಾತು ಮೆದು. ಫೈಲಿನಿಂದ ಬಣ್ಣದ ಹಾಳೆ ತೆಗೆದು ಟೇಬಲ್ಲಿನ ಮೇಲೆ ಹರಡಿದ. ವಿಮಾನ ನಿಲ್ದಾಣದ ಲೌಂಜಿನಲ್ಲಿ ಉಚಿತ ಊಟ, ಖರ್ಚು ಮಾಡಿದ ಪ್ರತಿ ನೂರು ರೂಪಾಯಿಗೆ ಪಾಯಿಂಟು, ಪಾಯಿಂಟು ಕೂಡಿಸಿದರೆ ವಿಮಾನದ ಟಿಕೆಟ್ಟು, ಸೇರಿದ ಕೂಡಲೇ 10,000 ರೂಪಾಯಿಯ ವೋಚರ್. “ಸರ, ಹತ್ತು ಸಾವಿರ ಕೊಟ್ಟು ಹತ್ತು ಸಾವಿರದ್ದ ವೋಚರ್ ತಗೋತೀರಿ. ಉಳಿದದ್ದೆಲ್ಲಾ ಫ್ರೀ ಆತಲ್ರಿ” ಎಂದ. ನನ್ನ ಮನಸ್ಸನ್ನು ಹಿಡಿದದ್ದು ಆ ಲೆಕ್ಕವಲ್ಲ. ಅವ್ವನಿಗೆ ಕಾಶಿಗೆ ಹೋಗಬೇಕೆಂದು ಬಹಳ ವರ್ಷಗಳ ಆಸೆ. ಅಪ್ಪ ಹೋದ ಮೇಲೆ ಆ ಮಾತು ಎತ್ತುವುದನ್ನೇ ಬಿಟ್ಟಿದ್ದಳು. ಪಾಯಿಂಟು ಕೂಡಿಸಿ ಅವಳನ್ನು ವಿಮಾನದಲ್ಲಿ ಕರೆದುಕೊಂಡು ಹೋಗಬೇಕು, ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿ ಹತ್ತಿಸಿ ಬನಾರಸದಲ್ಲಿ ಇಳಿಸಬೇಕು ಅನ್ನಿಸಿತು. ಇನ್ನೊಂದು ಕಾರಣವೂ ಇತ್ತು. ಕಾರ್ಡು ಲೋಹದ್ದು, ಕೈಯಲ್ಲಿ ಹಿಡಿದರೆ ಭಾರ. ಅದನ್ನು ತೆಗೆದು ಕೊಡುವವರ ಸಾಲಿನಲ್ಲಿ ನಾನೂ ನಿಲ್ಲಬೇಕೆಂಬ ಆಸೆ ಇತ್ತು. ಮಗನಾಗಿ ಪಟ್ಟ ಆಸೆ ಯಾವುದು, ದೊಡ್ಡವನಾಗಿ ಕಾಣಬೇಕೆಂಬ ಆಸೆ ಯಾವುದು ಎಂದು ಆಗ ಬೇರ್ಪಡಿಸಿ ನೋಡಲಿಲ್ಲ.

ವೋಚರಿನ ಷರತ್ತು ಇಮೇಲಿನ ಕೊನೆಯಲ್ಲಿತ್ತು. ಒಂದೇ ಬುಕಿಂಗಿನಲ್ಲಿ ಹೋಟೆಲ್ಲಿಗೆ 30,000 ರೂಪಾಯಿ ಮೀರಿ ಖರ್ಚು ಮಾಡಿದರೆ ಮಾತ್ರ ಅದು ನಡೆಯುತ್ತಿತ್ತು, ಅದೂ ಗಡುವಿನೊಳಗೆ. ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಹೋಟೆಲ್ಲಿನ ಕೋಣೆಗೆ ಅಷ್ಟು ಹಣ ಕೊಟ್ಟವರಲ್ಲ. ಹೋದ ಊರಲ್ಲಿ ಮಠ, ಧರ್ಮಶಾಲೆ, ಇಲ್ಲವೆ ಬಳಗದವರ ಮನೆ. ಗಡುವು ಮುಗಿಯಿತು, ವೋಚರ್ ಹೋಯಿತು. 20,000 ರೂಪಾಯಿ ಕೈಯಿಂದ ಹಾಕಿದರೆ ಮಾತ್ರ ಸಿಗುವ 10,000ವನ್ನು ಶುಲ್ಕದ ಎದುರಿಗೆ ಜಮಾ ಬರೆಯಲು ಬರುವುದಿಲ್ಲ. ಇದು ಮೊದಲ ಪಾಠ. ಅದನ್ನು ಅಲ್ಲಿಗೇ ಕಲಿತಿದ್ದರೆ ನಷ್ಟ 11,800ಕ್ಕೆ ನಿಲ್ಲುತ್ತಿತ್ತು.

ಇನ್ನು ಪಾಯಿಂಟಿನ ವಿಷಯ. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಶುಲ್ಕ ಕೊಡುವುದು ದಂಡವೋ ಲಾಭವೋ ಎಂಬುದು ಇಲ್ಲೇ ತೀರ್ಮಾನವಾಗುತ್ತದೆ. ನನ್ನ ಕಾರ್ಡು ನೂರು ರೂಪಾಯಿ ಖರ್ಚಿಗೆ ಎರಡು ಪಾಯಿಂಟು ಕೊಡುತ್ತಿತ್ತು. ವಿಮಾನ ಕಂಪನಿಯ ಮೈಲಿಗೆ ಬದಲಿಸಿ, ಒಳ್ಳೆಯ ಟಿಕೆಟ್ಟು ಹುಡುಕಿ ತೆಗೆದರೆ ಒಂದು ಪಾಯಿಂಟಿಗೆ ಒಂದು ರೂಪಾಯಿ ಬೆಲೆ. ಶಾಪಿಂಗ್ ವೋಚರ್ ತೆಗೆದುಕೊಂಡರೆ 25 ಪೈಸೆ. ಬಣ್ಣದ ಹಾಳೆಯಲ್ಲಿ ಬರೆದಿದ್ದದ್ದು ಒಂದು ರೂಪಾಯಿಯ ಲೆಕ್ಕ. ಸರಿ, ಅದನ್ನೇ ಹಿಡಿಯೋಣ. ಶೇ 2ರ ಲೆಕ್ಕದಲ್ಲಿ 11,800 ರೂಪಾಯಿ ವಾಪಸು ಬರಬೇಕಾದರೆ ವರ್ಷಕ್ಕೆ 5,90,000 ರೂಪಾಯಿ ಕಾರ್ಡಿನ ಮೇಲೆ ಖರ್ಚಾಗಬೇಕು. ಈ ಲೆಕ್ಕವೂ ಪೂರ್ತಿ ಸರಿಯಲ್ಲ. ವರ್ಷಕ್ಕೆ ಒಂದು ಪೈಸೆ ಶುಲ್ಕವಿಲ್ಲದ ಸಾದಾ ಕಾರ್ಡು ಶೇ 1ರಷ್ಟು ಕೊಡುತ್ತದೆ ಎಂದುಕೊಂಡರೆ, ಶುಲ್ಕ ಕೊಟ್ಟು ನಾವು ಕೊಳ್ಳುತ್ತಿರುವುದು ಮೇಲಿನ ಶೇ 1 ಮಾತ್ರ. ಆಗ 11,800 ಹುಟ್ಟಬೇಕಾದರೆ ಖರ್ಚು 11,80,000 ಆಗಬೇಕು. ಶುಲ್ಕದ ಎದುರಿಗೆ ಇಡಬೇಕಾದದ್ದು ಪ್ರೀಮಿಯಂ ಕಾರ್ಡಿನ ಒಟ್ಟು ಲಾಭವನ್ನಲ್ಲ, ಸಾದಾ ಕಾರ್ಡಿಗಿಂತ ಅದು ಹೆಚ್ಚು ಕೊಡುವ ಭಾಗವನ್ನಷ್ಟೆ. ನಾನು ನೋಡಿದ ಮಟ್ಟಿಗೆ ಯಾವ ಜಾಹೀರಾತೂ ಈ ಮಾತು ಹೇಳುವುದಿಲ್ಲ.

ನನ್ನ ಖರ್ಚು ಎಲ್ಲೆಲ್ಲಿ ಹೋಗುತ್ತದೆ ಎಂದು ಆಮೇಲೆ ಕೂತು ಬರೆದೆ. ಮನೆ, ಹೊಲ ಎರಡೂ ಸೇರಿ ವರ್ಷಕ್ಕೆ ಆರು ಲಕ್ಷದ ಹತ್ತಿರ. ಆಳಿನ ಪಗಾರ ನಗದು. ಗೊಬ್ಬರ, ಬೀಜ ಉದ್ರಿ, ಸುಗ್ಗಿಗೆ ತೀರಿಸುವುದು. ಕಿರಾಣಿ, ಕಾಯಿಪಲ್ಲೆ, ಹಾಲು ಎಲ್ಲ ಫೋನಿನ ಯುಪಿಐ. 2022ರಿಂದ ಯುಪಿಐಗೆ ಜೋಡಿಸಲು ಬರುವುದು ರುಪೇ ಕ್ರೆಡಿಟ್ ಕಾರ್ಡುಗಳು ಮಾತ್ರ. ನನ್ನದು ರುಪೇ ಅಲ್ಲವಾದ್ದರಿಂದ ಬೈಲಹೊಂಗಲದ ಪೇಟೆಯಲ್ಲಿ ಅಂಗಡಿ ಅಂಗಡಿಗೂ ಅಂಟಿಸಿದ ಆ ಕ್ಯೂಆರ್ ಚೌಕದ ಮುಂದೆ ಅದಕ್ಕೆ ಕೆಲಸವಿರಲಿಲ್ಲ. ಪೆಟ್ರೋಲ್, ಡೀಸೆಲ್‌ಗೆ ಪಾಯಿಂಟು ಇಲ್ಲ. ವಿಮೆಯ ಕಂತಿಗೆ ಮಿತಿ. ಸರಕಾರಕ್ಕೆ ಕಟ್ಟುವ ತೆರಿಗೆ, ಬಿಲ್ಲುಗಳಿಗೆ ಇಲ್ಲ. ಇಎಂಐ ಮಾಡಿಸಿದ ಖರೀದಿಗೂ ಇಲ್ಲ. ಹೀಗೆ ಜರಡಿ ಹಿಡಿದ ಮೇಲೆ ಉಳಿದದ್ದು ವರ್ಷಕ್ಕೆ ಒಂದೂವರೆ ಲಕ್ಷ. ಅದಕ್ಕೆ 3,000 ಪಾಯಿಂಟು. ಬಹಳ ಒಳ್ಳೆಯ ಲೆಕ್ಕದಲ್ಲಿ 3,000 ರೂಪಾಯಿ, ವೋಚರಿನ ಲೆಕ್ಕದಲ್ಲಿ 750. ಇಂಥ ಕಾರ್ಡು ಮಾಡಿರುವುದು ಮಾಲ್, ಹೋಟೆಲ್, ಆ್ಯಪು, ವಿಮಾನದಲ್ಲಿ ಹಣ ಖರ್ಚು ಮಾಡುವವರಿಗಾಗಿ. ಹೊಲದ ಖರ್ಚು ಅದರ ಕಣ್ಣಿಗೆ ಖರ್ಚೇ ಅಲ್ಲ.

ಮೊದಲ ವರ್ಷ ಹೀಗೆ ಹೋಯಿತು. ಎರಡನೆಯ ವರ್ಷದ ಶುಲ್ಕ ಬಿಲ್ಲಿನಲ್ಲಿ ತಾನಾಗಿ ಬಂದು ಕೂತಾಗ ಕಾರ್ಡು ಮುಚ್ಚಬೇಕಿತ್ತು. ಕೊಟ್ಟ ಹಣ ದಂಡ ಆಗಬಾರದು, ಈ ಸಲ ಸರಿಯಾಗಿ ಬಳಸಿ ವಸೂಲು ಮಾಡುತ್ತೇನೆ ಎಂದುಕೊಂಡೆ. ಹೋದ ಹಣವನ್ನು ಹಿಂದಕ್ಕೆ ತರಲು ಇನ್ನಷ್ಟು ಹಣ ಹಾಕುವುದು ನಷ್ಟಕ್ಕೆ ದಾರಿ ಎಂದು ತರಗತಿಯಲ್ಲಿ ಪ್ರತಿ ವರ್ಷ ಹೇಳುವವನು ನಾನು. ಆ ಕಾರ್ಡಿನಲ್ಲಿ ವರ್ಷಕ್ಕೆ 4 ಲಕ್ಷ ಖರ್ಚು ಮಾಡಿದರೆ 10,000 ಪಾಯಿಂಟು ಹೆಚ್ಚುವರಿ. ಮನೆಯ ಎಲ್ಲ ಖರ್ಚನ್ನೂ ಅದಕ್ಕೇ ತಿರುಗಿಸಿ ನಾನು 2,60,000ಕ್ಕೆ ಬಂದಿದ್ದೆ. ವರ್ಷ ಮುಗಿಯುತ್ತ ಬಂದಿತ್ತು, 1,40,000 ಕಡಿಮೆ ಬಿದ್ದಿತ್ತು.

ಆ 1,40,000ವನ್ನು ಹೇಗೆ ತುಂಬಿದೆ ಎಂದರೆ, ಇನ್ನೂ ಒಂದು ಹಂಗಾಮು ನಡೆಯಬಹುದಾಗಿದ್ದ ಬೋರಿನ ಮೋಟಾರು ಬದಲಿಸಿ ಹೊಸದು ಕೂಡ್ರಿಸಿದೆ, 45,000. ಮಗಳಿಗೆ ಫೋನು, 35,000. ಉಳಿದ 60,000ಕ್ಕೆ ಓಣಿಯ ಇಬ್ಬರು ರೈತರ ಗೊಬ್ಬರ, ಔಷಧದ ಬಿಲ್ಲನ್ನು ನನ್ನ ಕಾರ್ಡಿನಲ್ಲಿ ಕೊಟ್ಟು, ರೊಕ್ಕ ನನಗೆ ಕೊಡಿರಿ ಎಂದೆ. ಅಂಗಡಿಯವರು ಕಾರ್ಡಿಗೆ ನೂರಕ್ಕೆ ಎರಡು ಹೆಚ್ಚು ಕೇಳಿದರು. ಆ 1,200 ನಾನೇ ಕೊಟ್ಟೆ. ಅಷ್ಟರಲ್ಲೇ ಆ 60,000ದ ಪಾಯಿಂಟಿನ ಲಾಭವೆಲ್ಲ ಹೋಗಿತ್ತು ಎಂಬುದು ಲಕ್ಷ್ಯಕ್ಕೆ ಬರಲಿಲ್ಲ. ಕಬ್ಬು ಕಾರ್ಖಾನೆಗೆ ಹೋಗಿತ್ತು. ಬಿಲ್ಲು ಬರುತ್ತದೆ, ಕಾರ್ಡಿನ ಗಡುವಿನೊಳಗೆ ಎಲ್ಲ ತೀರಿಸುತ್ತೇನೆ ಎಂದುಕೊಂಡಿದ್ದೆ.

ಕಬ್ಬಿನ ಬಿಲ್ಲು ತಡವಾಯಿತು. ಕಬ್ಬು ಕಳಿಸುವ ನಮ್ಮ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕು. ತಪ್ಪಿದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು. ಬಾಕಿಯೇ ಬಾರದಿದ್ದಾಗ ಬಡ್ಡಿ ಕೇಳುವವರು ಯಾರು? ಗೊಬ್ಬರ ಒಯ್ದವರೂ ಕಬ್ಬಿನವರೇ, ಅವರ ಬಿಲ್ಲೂ ಬಂದಿರಲಿಲ್ಲ. ಓಣಿಯವರನ್ನು ನಿಲ್ಲಿಸಿ ರೊಕ್ಕ ಕೇಳುವ ಮುಖ ನನಗಿರಲಿಲ್ಲ, ಯಾಕೆಂದರೆ ಆ ವ್ಯವಹಾರ ಅವರು ಕೇಳಿದ್ದಲ್ಲ, ನಾನೇ ಹಚ್ಚಿಕೊಂಡದ್ದು.

ಕಾರ್ಡಿನ ಬಿಲ್ಲು ಬಂತು. ಮೇಲೆ ದೊಡ್ಡ ಅಕ್ಷರದಲ್ಲಿ ಒಟ್ಟು ಬಾಕಿ 1,40,000. ಅದರ ಪಕ್ಕದಲ್ಲೇ ಕನಿಷ್ಠ ಪಾವತಿ 7,000. ಇದೂ ಒಂದು ಸವಲತ್ತು ಎಂದುಕೊಂಡು 7,000 ಕಟ್ಟಿ ನಿಶ್ಚಿಂತನಾದೆ. ಕನಿಷ್ಠ ಪಾವತಿಯಿಂದ ತಪ್ಪುವುದು ತಡಪಾವತಿಯ ದಂಡ, ಮತ್ತು ಬಾಕಿದಾರ ಎಂದು ಸಿಬಿಲ್‌ಗೆ ಹೋಗುವ ವರದಿ. ಬಡ್ಡಿ ನಿಲ್ಲುವುದಿಲ್ಲ. 45-50 ದಿನ ಬಡ್ಡಿ ಇಲ್ಲ ಎಂದು ಹೇಳುತ್ತಾರಲ್ಲ, ಆ ಮಾತು ನಡೆಯುವುದು ಪೂರ್ತಿ ಬಾಕಿ ತೀರಿಸಿದವರಿಗೆ. ಸ್ವಲ್ಪ ಉಳಿಸಿಕೊಂಡರೂ ಖರೀದಿ ಮಾಡಿದ ದಿನದಿಂದಲೇ ಬಡ್ಡಿ ಹಚ್ಚುತ್ತಾರೆ. ಅಷ್ಟೇ ಅಲ್ಲ, ಆಮೇಲೆ ಆ ಕಾರ್ಡಿನಲ್ಲಿ ಹತ್ತು ರೂಪಾಯಿಯ ಸಾಮಾನು ಕೊಂಡರೂ ಅದಕ್ಕೆ ಅಂದಿನಿಂದಲೇ ಬಡ್ಡಿ. ನನಗೆ ಬಿದ್ದ ದರ ತಿಂಗಳಿಗೆ ಶೇ 3.5, ವರ್ಷಕ್ಕೆ ಶೇ 42. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೇರೆ.

ಈ ದರ ಎಂಥದ್ದು ಎಂದು ನನಗೆ ತಿಳಿಸಿದವರು ಎಪಿಎಂಸಿಯ ಅಡತಿ ಅಂಗಡಿಯೊಂದರ ದಿವಾನಜಿ. ಸೋಯಾಬೀನ್ ಪಟ್ಟಿಯ ರೊಕ್ಕ ತರಲು ಹೋಗಿದ್ದೆ. ಮುಖ ನೋಡಿ ಕೇಳಿದರು, ಹೇಳಿದೆ. ವಯಸ್ಸಾದವರು, ಶೇಕಡಾ, ವಾರ್ಷಿಕ ಎಂಬ ಮಾತು ಅವರಿಗೆ ಬೇಡ.

“ನೂರಕ್ಕ ತಿಂಗಳಿಗೆ ಎಷ್ಟ ಆತ್ರಿ ಸರ, ಅದನ್ನ ಹೇಳ್ರಿ” ಎಂದರು.

“ಮೂರೂವರೀರಿ.”

“ಅದರ ಮ್ಯಾಲ ಟ್ಯಾಕ್ಸ್?”

“ಹದಿನೆಂಟು.”

ಪಟ್ಟಿಯ ಹಿಂಬದಿಗೆ ಪೆನ್ಸಿಲ್ಲಿನಿಂದ ಬರೆದರು. ಮೂರು ರೂಪಾಯಿ ಐವತ್ತು ಪೈಸೆ, ಅದರ ಕೆಳಗೆ ಅರವತ್ತಮೂರು ಪೈಸೆ, ಗೆರೆ ಎಳೆದು ನಾಲ್ಕು ರೂಪಾಯಿ ಹದಿಮೂರು ಪೈಸೆ. ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿ, “ನಮ್ಮ ಪ್ಯಾಟ್ಯಾಗ ನೂರಕ್ಕ ಮೂರು ತಗೊಂಡ್ರ ಅಂವಾ ಕುತ್ತಿಗಿ ಕೊಯ್ಯಾಂವ ಅಂತಾರ್ರಿ ಮಂದಿ. ಇದು ನಾಕರ ಮ್ಯಾಲ ಆತಲ್ರಿ. ಇವತ್ತ ಹರಕೊಳ್ರಿ” ಎಂದರು.

ನನ್ನ ಉಳಿದ ಬಾಕಿ 1,33,000ಕ್ಕೆ ತಿಂಗಳ ಬಡ್ಡಿ 4,655, ಅದರ ಜಿಎಸ್‌ಟಿ 838, ಒಟ್ಟು 5,493 ರೂಪಾಯಿ. ಅಂದರೆ ತಿಂಗಳಾ ತಿಂಗಳಾ ನನ್ನ ಕಾಶಿಯಾತ್ರೆಯ ಪಾಯಿಂಟಿನ ಒಂದು ದೊಡ್ಡ ಪಾಲು ಬಡ್ಡಿಗೆ ಹೋಗುತ್ತಿತ್ತು. ಇದೇ ಊರಲ್ಲಿ ಪಿಕೆಪಿಎಸ್, ಅಂದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಇದೆ. ಕರ್ನಾಟಕದಲ್ಲಿ ಸಹಕಾರ ಸಂಘದ ಅಲ್ಪಾವಧಿ ಬೆಳೆಸಾಲಕ್ಕೆ, ಗಡುವಿನೊಳಗೆ ತೀರಿಸಿದರೆ, ಬಡ್ಡಿಯೇ ಇಲ್ಲ. 2023–24ರ ಬಜೆಟ್‌ನಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಒಂದು ಹುಟ್ಟಿದ್ದು 1905ರಲ್ಲಿ, ನಮ್ಮಿಂದ ಬಹಳ ದೂರವಲ್ಲದ ಗದಗ ಸೀಮೆಯ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸಬೇಕೆಂದು ಕಟ್ಟಿದ ಸಂಘ ಅದು. ಅದರ ಮರಿಸಂತಾನ ನಮ್ಮ ಓಣಿಯ ತುದಿಯಲ್ಲಿರುವಾಗ, ಗೊಬ್ಬರದ ಬಿಲ್ಲನ್ನು ಶೇ 42ರ ಸಾಲಕ್ಕೆ ನಾನು ಕೈಯಾರೆ ಕೊಂಡೊಯ್ದೆ.

ಬಾಕಿ ತೀರಿದ್ದು ಹೆಂಡತಿಯ ಪಾಟ್ಲಿಯಿಂದ. ಪತ್ತಿನ ಸಂಘದಲ್ಲಿ ಬಂಗಾರದ ಸಾಲಕ್ಕೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿಯ ಆಸುಪಾಸು ಬಡ್ಡಿ. “ಮೊದಲ ಹೇಳಿದ್ರ ಮೊದಲ ಕೊಡ್ತಿದ್ದೆ” ಎಂದಳು, ಬೇರೆ ಏನೂ ಅನ್ನಲಿಲ್ಲ. ಹೇಳದೆ ಇದ್ದದ್ದಕ್ಕೇ ಆ ತಿಂಗಳುಗಳ ಬಡ್ಡಿ ಬೆಳೆದದ್ದು. ತೀರುವ ಹೊತ್ತಿಗೆ ಬಡ್ಡಿ, ಜಿಎಸ್‌ಟಿ ಸೇರಿ 17,000 ಆಗಿತ್ತು. ಮನೆಯಲ್ಲಿ ಸಾಲದ ಮಾತನ್ನು ಮುಚ್ಚಿಡುವ ಗಂಡಸರಿಗೆ ನಾನು ಹೇಳುವುದಿಷ್ಟೆ: ಬಿಲ್ಲು ಬಂದ ದಿನವೇ ಮನೆಯವರ ಮುಂದೆ ಇಡಿ.

ಲೌಂಜಿನ ಮಾತು ಬಿಡುವಂತಿಲ್ಲ, ಜನ ಹೆಚ್ಚು ಮರುಳಾಗುವುದು ಅದಕ್ಕೇ. ಮೊದಲ ವರ್ಷ ಬೆಂಗಳೂರಿನಲ್ಲಿ ಒಳಗೆ ಹೋಗಿ ಊಟ ಮಾಡಿದ್ದುಂಟು. ಊಟ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. 2024ರಲ್ಲಿ ಹೆಂಡತಿಯ ಜೊತೆ ಹೋದಾಗ ಬಾಗಿಲಲ್ಲಿ ಕೂತ ಹುಡುಗಿ ಕಾರ್ಡನ್ನು ಯಂತ್ರಕ್ಕೆ ಹಾಕಿದಳು. ಯಂತ್ರ ಒಲ್ಲೆ ಎಂದಿತು. ಇನ್ನೊಮ್ಮೆ ಹಾಕಿದಳು. ಹಿಂದೆ ಸಾಲು ಬೆಳೆಯುತ್ತಿತ್ತು. “ಸರ್, ಹಿಂದಿನ ಮೂರು ತಿಂಗಳ ಖರ್ಚು ಸಾಕಾಗಿಲ್ಲ ಅನ್ಸುತ್ತೆ, ಮೆಸೇಜ್ ಬಂದಿರ್ಬೇಕು ನೋಡಿ” ಎಂದಳು, ಬಹಳ ಸೌಮ್ಯವಾಗಿ. ಮೆಸೇಜು ಬಂದಿತ್ತು, ಇಂಗ್ಲಿಷಿನಲ್ಲಿ, ಎಷ್ಟೋ ಜಾಹೀರಾತಿನ ಮೆಸೇಜುಗಳ ನಡುವೆ. 2023-24ರ ಹೊತ್ತಿಗೆ ಹಲವು ಬ್ಯಾಂಕುಗಳು ಈ ಷರತ್ತು ತಂದವು: ಹಿಂದಿನ ತ್ರೈಮಾಸಿಕದಲ್ಲಿ ಇಂತಿಷ್ಟು ಸಾವಿರ ಖರ್ಚು ಮಾಡಿದ್ದರೆ ಮಾತ್ರ ಲೌಂಜು. ಬಾಕಿ ತೀರಿಸಿದ ಮೇಲೆ ನಾನು ಆ ಕಾರ್ಡನ್ನು ಮುಟ್ಟಿರಲಿಲ್ಲ. ಇನ್ನೊಂದು ವಿಷಯ ಅಲ್ಲೇ ತಿಳಿಯಿತು: ಕಾರ್ಡು ನಡೆದಿದ್ದರೂ ಉಚಿತ ನನಗೊಬ್ಬನಿಗೆ, ಜೊತೆಯವರಿಗೆ ಹಣ ಕೊಡಬೇಕಿತ್ತು. ನನ್ನ ಕಾರ್ಡಿನ ಲೌಂಜಿನ ಪಟ್ಟಿಯಲ್ಲಿ ಸಾಂಬ್ರಾ ಇರಲಿಲ್ಲ, ಹುಬ್ಬಳ್ಳಿಯೂ ಇರಲಿಲ್ಲ. ಅಂದರೆ ಹೊರಡುವಾಗ ನನಗೆ ಅದು ಸಿಗುತ್ತಲೇ ಇರಲಿಲ್ಲ; ದೊಡ್ಡ ಊರಲ್ಲಿ ವಿಮಾನ ಬದಲಿಸುವಾಗ ಮಾತ್ರ. ಬಣ್ಣದ ಹಾಳೆಯಲ್ಲಿ ವಿಮಾನ ನಿಲ್ದಾಣಗಳ ಸಂಖ್ಯೆ ಇತ್ತು, ಹೆಸರುಗಳನ್ನು ಓದಿ ನಮ್ಮೆರಡು ನಿಲ್ದಾಣಗಳನ್ನು ಹುಡುಕುವುದು ನನ್ನ ಕೆಲಸವಾಗಿತ್ತು.

ಅವ್ವ ಕಾಶಿಗೆ ಹೋದಳು. ಕಾರ್ಡಿನಿಂದಲ್ಲ. 2022ರ ನವೆಂಬರ್ 11ರಂದು ಪ್ರಧಾನಿಗಳು ಬೆಂಗಳೂರಿನಲ್ಲಿ ಭಾರತ್ ಗೌರವ್ ಕಾಶಿ ದರ್ಶನ ರೈಲಿಗೆ ಹಸಿರು ನಿಶಾನೆ ತೋರಿಸಿದರು; ಅದೇ ದಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ ಕೂಡ ಉದ್ಘಾಟನೆಯಾಯಿತು. ನನ್ನ ಲಕ್ಷ್ಯ ಆ ಟರ್ಮಿನಲ್ಲಿನ ಫೋಟೊಗಳ ಮೇಲೆ. ಅವ್ವನ ಲಕ್ಷ್ಯ ಟಿವಿಯಲ್ಲಿ ತೋರಿಸಿದ ರೈಲಿನ ಮೇಲೆ. ಕಾಶಿ, ಅಯೋಧ್ಯೆ, ಪ್ರಯಾಗರಾಜ್ ಎಂಟು ದಿನದ ಯಾತ್ರೆ. ಆಗ ದರ 20,000, ರಾಜ್ಯ ಸರಕಾರದ ಸಹಾಯಧನ 5,000, ಯಾತ್ರಿ ಕೊಡಬೇಕಾದದ್ದು 15,000. “ಪಾಯಿಂಟ್ ಆಗಲಿ ತಡಿಯವ್ವ, ವಿಮಾನದಾಗ ಒಯ್ತೀನಿ” ಎಂದೆ. ಅವಳು, “ನಿನ್ನ ಪಾಯಿಂಟ್ ಕೂಡೂಮಟ ನಾ ಇರ್ತೀನೋ ಇಲ್ಲೋ. ಗಾಡಿ ಹೊಂಟೈತಿ ಅಂದ್ರ ಕಳಸಿಬಿಡು ತಮ್ಮಾ” ಎಂದಳು. ಅವ್ವ ಮತ್ತು ಚಿಕ್ಕವ್ವ ಇಬ್ಬರೂ ಹೋಗಿಬಂದರು. ಇಬ್ಬರಿಗೂ ಸೇರಿ 30,000.

ಆಮೇಲೆ ನಾನು ಬರೆದ ಖಾತೆ ಇದು. ಎರಡು ವರ್ಷದ ಶುಲ್ಕ 23,600. ಬಡ್ಡಿ 17,000. ಗೊಬ್ಬರದ ಅಂಗಡಿಗೆ ಹೆಚ್ಚು ಕೊಟ್ಟದ್ದು 1,200. ಒಟ್ಟು 41,800. ಜಮಾ: ಸುಮಾರು 20,000 ಪಾಯಿಂಟು. ಮೈಲಿಗೆ ಬದಲಿಸಿದರೆ ಸಿಗುವ ಟಿಕೆಟ್ಟು ಹುಡುಕಿದೆ. ನಮಗೆ ಬೇಕಾದ ದಿನ, ಬೇಕಾದ ಊರಿಗೆ ಸೀಟು ಸಿಗಲಿಲ್ಲ. ಕೊನೆಗೆ 25 ಪೈಸೆಯ ಲೆಕ್ಕದಲ್ಲಿ 5,000 ರೂಪಾಯಿಯ ವೋಚರ್ ತೆಗೆದುಕೊಂಡೆ. ನಿವ್ವಳ ನಷ್ಟ 36,800.

ಕಾರ್ಡುಗಳೇ ಕೆಟ್ಟವು ಎಂದು ಹೇಳಿದರೆ ಅದು ಅನ್ಯಾಯದ ಮಾತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿರುವ ನನ್ನ ಅಕ್ಕನ ಮಗನ ಬಳಿ ಇಂಥದ್ದೇ ಕಾರ್ಡಿದೆ. ಕಂಪನಿಯ ಕೆಲಸದ ಮೇಲೆ ವಿದೇಶಕ್ಕೆ ಹೋಗುತ್ತಾನೆ. ಟಿಕೆಟ್ಟು, ಹೋಟೆಲ್ಲು ಮೊದಲು ತನ್ನ ಕಾರ್ಡಿನಲ್ಲಿ ಕೊಡುತ್ತಾನೆ, ಕಂಪನಿ ಆಮೇಲೆ ತುಂಬಿಕೊಡುತ್ತದೆ. ಖರ್ಚು ಕಂಪನಿಯದು, ಪಾಯಿಂಟು ಇವನದು. ವಿದೇಶದಲ್ಲಿ ಸಾಮಾನ್ಯ ಕಾರ್ಡು ಬಳಸಿದರೆ ಶೇ 3.5ರಷ್ಟು ವಿನಿಮಯ ಶುಲ್ಕ ಬೀಳುತ್ತದೆ, ಇವನ ಕಾರ್ಡಿಗೆ ಶೇ 2. ಎರಡು ಲಕ್ಷದ ಖರ್ಚಿಗೆ 3,000 ರೂಪಾಯಿ ಉಳಿತಾಯ, ಅದರ ಜಿಎಸ್‌ಟಿ 540 ಬೇರೆ. ಪ್ರತಿ ತಿಂಗಳ ಬಿಲ್ಲು ಪೂರ್ತಿಯಾಗಿ ತಾನಾಗಿ ಖಾತೆಯಿಂದ ಹೋಗುವಂತೆ ಮಾಡಿಟ್ಟಿದ್ದಾನೆ. ಅವನಿಗೆ ಶುಲ್ಕ ದುಬಾರಿಯಲ್ಲ. ಅವನು ಕಾರ್ಡಿಗಾಗಿ ಪ್ರಯಾಣ ಮಾಡುತ್ತಿಲ್ಲ, ಹೇಗೂ ಮಾಡುವ ಪ್ರಯಾಣಕ್ಕೆ ಕಾರ್ಡು ಇಟ್ಟುಕೊಂಡಿದ್ದಾನೆ. ಅವನ ಆದಾಯ ಪ್ರತಿ ತಿಂಗಳು ಒಂದೇ ತಾರೀಖಿಗೆ ಬರುತ್ತದೆ. ನನ್ನ ಪಗಾರವೂ ಹಾಗೇ ಬರುತ್ತದೆ, ಆದರೆ ನಾನು ಖರ್ಚು ಮಾಡಿದ್ದು ಕಬ್ಬಿನ ಬಿಲ್ಲನ್ನು ನಂಬಿ. ತಿಂಗಳ ಗಡುವಿನ ಸಾಲವನ್ನು ಹಂಗಾಮಿನ ಆದಾಯದಿಂದ ತೀರಿಸುತ್ತೇನೆ ಎನ್ನುವವರು ಈ ಕಾರ್ಡಿನಿಂದ ದೂರ ಇರಬೇಕು. ರೈಲಿನಲ್ಲೇ ಹೆಚ್ಚು ಓಡಾಡುವವರಿಗೆ ವರ್ಷಕ್ಕೆ 500 ರೂಪಾಯಿ ಶುಲ್ಕದ, ರೈಲು ಟಿಕೆಟ್ಟಿಗೆಂದೇ ಮಾಡಿದ ಕಾರ್ಡುಗಳಿವೆ. ಬೇಕೇ ಬೇಕೆಂದರೆ ಅವನ್ನು ನೋಡಬಹುದು.

ಪಾಯಿಂಟನ್ನು ಠೇವಣಿಯಂತೆ ಕೂಡಿಡುವುದೂ ತಪ್ಪು. 2023ರ ಸೆಪ್ಟೆಂಬರ್ 1ರಿಂದ ಆಕ್ಸಿಸ್ ಮ್ಯಾಗ್ನಸ್ ಎಂಬ ಹೆಸರಾಂತ ಕಾರ್ಡಿನ ಶುಲ್ಕ 10,000ದಿಂದ 12,500ಕ್ಕೆ ಏರಿತು. ತಿಂಗಳಿಗೆ ಒಂದು ಲಕ್ಷ ಖರ್ಚಿಗೆ ಸಿಗುತ್ತಿದ್ದ 25,000 ಪಾಯಿಂಟು ನಿಂತಿತು. ಐದು ಪಾಯಿಂಟಿಗೆ ನಾಲ್ಕು ಮೈಲು ಸಿಗುತ್ತಿದ್ದದ್ದು ಎರಡಕ್ಕೆ ಇಳಿಯಿತು. 2024ರ ನವೆಂಬರ್ 12ರಂದು ವಿಸ್ತಾರಾ ವಿಮಾನ ಸಂಸ್ಥೆ ಏರ್ ಇಂಡಿಯಾದಲ್ಲಿ ವಿಲೀನವಾಯಿತು. ಅದರ ಹೆಸರಿನ ಕಾರ್ಡುಗಳನ್ನು ನೆಚ್ಚಿದ್ದವರ ಲೆಕ್ಕವೆಲ್ಲ ಬದಲಾಯಿತು. ಮಣಿಪಾಲದ ಟಿ.ಎಂ.ಎ. ಪೈಯವರ ಬ್ಯಾಂಕು 1928ರಲ್ಲಿ ಶುರುಮಾಡಿದ ಪಿಗ್ಮಿ ಇಂದಿಗೂ ನಮ್ಮ ಪೇಟೆಯ ಅಂಗಡಿಗಳಲ್ಲಿ ನಡೆಯುತ್ತಿದೆ. ಅಲ್ಲಿ ಕಟ್ಟಿದ ಹತ್ತು ರೂಪಾಯಿ ಪುಸ್ತಕದಲ್ಲಿ ಹತ್ತು ರೂಪಾಯಿಯಾಗಿಯೇ ಇರುತ್ತದೆ. ಪಾಯಿಂಟಿನ ಬೆಲೆಯನ್ನು ಕೊಟ್ಟವರೇ ಕಡಿಮೆ ಮಾಡಬಹುದು. ಬಂದ ಪಾಯಿಂಟನ್ನು ಅದೇ ವರ್ಷ ಬಳಸಿಬಿಡಬೇಕು.

ಬಡ್ಡಿಯ ದರಕ್ಕೆ ಕಾನೂನಿನ ತಡೆ ಇದೆ ಎಂದು ನಂಬಿ ಕೂಡಬೇಡಿ. ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಈಗ ದರ ನಿಲ್ಲುವುದು ಬ್ಯಾಂಕು ನಮ್ಮಿಂದ ಸಹಿ ಹಾಕಿಸಿಕೊಂಡ ಕರಾರಿನಲ್ಲಿ. ಆ ಕರಾರನ್ನು ನಾನು ಓದಿರಲಿಲ್ಲ.

ನೀವು ಇಂಥ ಕಾರ್ಡು ತೆಗೆದುಕೊಳ್ಳುವ ವಿಚಾರದಲ್ಲಿದ್ದರೆ ಕಳೆದ ಒಂದು ವರ್ಷದ ಬ್ಯಾಂಕ್ ಪಾಸ್‌ಬುಕ್ ತೆಗೆಯಿರಿ. ನಿಜವಾಗಿ ಎಷ್ಟು ಸಲ ವಿಮಾನ ಹತ್ತಿದಿರಿ, ಯಾವ ಊರಿನಿಂದ, ಯಾರ ದುಡ್ಡಿನಲ್ಲಿ ಎಂದು ಬರೆಯಿರಿ. ಡೀಸೆಲ್, ಗೊಬ್ಬರ, ವಿಮೆ, ಕಿರಾಣಿ ತೆಗೆದು ಉಳಿದ ಖರ್ಚನ್ನು ಕೂಡಿಸಿ ಶೇ 1ರ ಲೆಕ್ಕ ಹಾಕಿ. ಅದು ಜಿಎಸ್‌ಟಿ ಸೇರಿದ ಶುಲ್ಕಕ್ಕಿಂತ ಕಡಿಮೆ ಬಂದರೆ ಕಾರ್ಡು ಬೇಡ ಎನ್ನಿ. ಈಗಾಗಲೇ ಕಾರ್ಡಿದ್ದು ಬೇಡವಾಗಿದ್ದರೆ ಮುಂದಿನ ಶುಲ್ಕ ಬೀಳುವ ತಿಂಗಳನ್ನು ಇಂದೇ ನೋಡಿಟ್ಟುಕೊಳ್ಳಿ. ಬಾಕಿ ಪೂರ್ತಿ ತೀರಿಸಿ ಮುಚ್ಚಲು ಅರ್ಜಿ ಕೊಟ್ಟರೆ, 2022ರ ಏಪ್ರಿಲ್ 21ರ ರಿಸರ್ವ್ ಬ್ಯಾಂಕ್ ನಿರ್ದೇಶನದ ಪ್ರಕಾರ ಬ್ಯಾಂಕು ಏಳು ಕೆಲಸದ ದಿನಗಳೊಳಗೆ ಕಾರ್ಡು ಮುಚ್ಚಬೇಕು. ತಡಮಾಡಿದರೆ ದಿನಕ್ಕೆ 500 ರೂಪಾಯಿ ಬ್ಯಾಂಕೇ ನಿಮಗೆ ಕೊಡಬೇಕು.